ಕುರ್ಚಿ ಪೇರಿಸುವವರ ಮೀಮಾಂಸೆ

ಪಂಪನಿಗೆ ಅರಿಕೇಸರಿಯಿದ್ದ, ರನ್ನನಿಗೆ ಅತ್ತಿಮಬ್ಬೆ ಇದ್ದಳು. ಪ್ರಕೃತ ಗ್ರಂಥಕರ್ತನಿಗೆ ಇರುವ ಆಶ್ರಯವೆಂದರೆ ಇಗರ್ಜಿಯ ಸಭಾಭವನದ ಬೀಗದಕೈ. ದಕ್ಷಿಣ ಕನ್ನಡದ ಒಂದು ಕಥೊಲಿಕ ಧರ್ಮಕೇಂದ್ರದ (ಹೆಸರು ಬೇಡ; ಬರುವ ವರ್ಷವೂ ಹಬ್ಬದ ಊಟ ಮಾಡಬೇಕು) ಪಾಲನಾ ಮಂಡಳಿಯಲ್ಲಿ ಎರಡು ಅವಧಿ ಕಾರ್ಯದರ್ಶಿಯಾಗಿ ಸವೆದ ಮೇಲೆ ಈ ಶಾಸ್ತ್ರ ಬರೆಯುವ ಧೈರ್ಯ ಬಂದಿದೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಪೂಜೆ ಮುಗಿದ ಮೇಲೆ ಕುರ್ಚಿ ಪೇರಿಸುವವರು ಯಾರು. ಪ್ರಯೋಜನ: ಇಲ್ಲ. ಸಂಬಂಧ: ನನ್ನ ಸೊಂಟ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಜನ್ಮದಲ್ಲಿ ಒಮ್ಮೆಯಾದರೂ ಬೆಂಚಿನ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಯಾರಾದರೂ ಬಂದಾರೆಂದು ಕಾದವನು.

ಮೊದಲು ನಿರುಕ್ತ. ಪೂಜೆಗೆ ನಮ್ಮ ಕೊಂಕಣಿಯಲ್ಲಿ ಮೀಸ್ ಎನ್ನುತ್ತೇವೆ. ಅದು ಪೋರ್ಚುಗೀಸರ ಮಿಸ್ಸಾ, ಅದರ ಹಿಂದೆ ಲ್ಯಾಟಿನ್. ಲ್ಯಾಟಿನ್ ಪೂಜೆಯ ಕೊನೆಗೆ 'ಇತೆ, ಮಿಸ್ಸಾ ಎಸ್ತ್' ಎಂದು ಹೇಳಿ ಜನರನ್ನು ಕಳಿಸಿಕೊಡುತ್ತಿದ್ದರು. ಹೊರಡಿ, ನಿಮಗಿನ್ನು ಅಪ್ಪಣೆ ಎಂದು ತಾತ್ಪರ್ಯ. ಇಡೀ ಆರಾಧನೆಗೆ ಹೆಸರು ಬಂದದ್ದು ಬೀಳ್ಕೊಡುವ ಈ ಕೊನೆಯ ಮಾತಿನಿಂದ. ಇದನ್ನು ನಮ್ಮ ಜನಕ್ಕೆ ಯಾರೂ ಕಲಿಸಿಲ್ಲ. ಆದರೆ ನಡತೆ ನೋಡಿದರೆ ಎಲ್ಲರೂ ಲ್ಯಾಟಿನ್ ಪಂಡಿತರೇ. ಪರಮಪ್ರಸಾದ ನಾಲಿಗೆಯ ಮೇಲೆ ಕರಗುವ ಮುನ್ನವೇ ಪಕ್ಕದ ಬಾಗಿಲಿನಲ್ಲಿ ಚಪ್ಪಲಿ ಹುಡುಕಾಟ ಶುರುವಾಗುತ್ತದೆ. ಗುರುಗಳು ಅಂತಿಮ ಆಶೀರ್ವಾದಕ್ಕೆ ಕೈಯೆತ್ತುವಾಗ ಅಂಗಳದ ಸ್ಕೂಟರುಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆಗಿ ಆಮೆನ್ ಎನ್ನುತ್ತವೆ. ಹೊರಡುವುದೇ ಪೂಜೆಯ ಸಾರವೆಂದು ವಾದಿಸುವವರಿಗೆ ವ್ಯುತ್ಪತ್ತಿಯ ಬಲವಿದೆ ಎಂಬುದನ್ನು ಸಿದ್ಧಾಂತಿಯೂ ಒಪ್ಪಬೇಕು.

ಎರಡನೆಯ ಶಬ್ದ ಫಿರ್ಗಜ್, ಅಂದರೆ ಧರ್ಮಕೇಂದ್ರ. ಮೂಲ ಪೋರ್ಚುಗೀಸಿನ ಫ್ರೆಗೆಸಿಯಾ. ಅದರ ಬೇರಿನಲ್ಲಿರುವುದು 'ಇಗರ್ಜಿಯ ಮಕ್ಕಳು' ಎಂಬ ಲ್ಯಾಟಿನ್ ಮಾತು. ಫಿರ್ಗಜಿಗೆ ಸೇರಿದವನು ಫ್ರೆಗೇಶ್. ಆದರೆ ಅದೇ ಪೋರ್ಚುಗೀಸಿನಲ್ಲಿ ಅಂಗಡಿಯವನು ಫ್ರೆಗೇಶ್ ಎಂದರೆ ಗಿರಾಕಿ! ಮಗನಾಗಿದ್ದವನು ಗಿರಾಕಿಯಾದದ್ದು ಹೇಗೆಂದು ಭಾಷಾಶಾಸ್ತ್ರಜ್ಞರು ಏನು ಬೇಕಾದರೂ ಹೇಳಲಿ, ನಮ್ಮ ಇಗರ್ಜಿಯ ಕಚೇರಿಯಲ್ಲಿ ಒಂದು ಶನಿವಾರ ಕುಳಿತವನಿಗೆ ಪುಸ್ತಕದ ಅಗತ್ಯವಿಲ್ಲ. ಜ್ಞಾನಸ್ನಾನದ ಸರ್ಟಿಫಿಕೇಟು ನಾಳೆಯೇ ಬೇಕು. ಶಾಲೆಯ ಸೀಟಿಗೆ ಪತ್ರ ಇವತ್ತೇ ಬೇಕು. ಮೂರು ವರ್ಷದ ವಂತಿಗೆ ಬಾಕಿಯಿದೆಯಲ್ಲ ಎಂದರೆ, 'ಓ, ಅದಕ್ಕೂ ರಶೀದಿ ಕೊಡುತ್ತೀರಾ?' ಎಂಬ ಸೌಜನ್ಯದ ಪ್ರಶ್ನೆ. ಒಬ್ಬರು ಹಿರಿಯ ಹೆಂಗಸು ಬಹಳ ದಿನದ ಮೇಲೆ ಬಂದಿದ್ದರು.

'ಏನು ಬಾಯಿ, ಪೂಜೆಯಲ್ಲಿ ಕಾಣಲೇ ಇಲ್ಲ?'

'ಲಾಕ್‌ಡೌನಿನಲ್ಲಿ ಟೀವಿಯಲ್ಲಿ ನೋಡಿ ಅಭ್ಯಾಸವಾಯಿತು ನೋಡಿ. ಅಲ್ಲಾದರೆ ವಾಲ್ಯೂಮು ನಮ್ಮ ಕೈಯಲ್ಲಿರುತ್ತದೆ.'

ಈ ವಾಕ್ಯಕ್ಕೆ ಭಾಷ್ಯ ಬರೆಯಲು ಹೊರಟು ನಾನು ಎರಡು ಸಲ ಸೋತಿದ್ದೇನೆ.

ಮೂರನೆಯದು ಇಂಗ್ಲಿಷಿನ ಪ್ಯಾರಿಶ್. ಅದರ ಬೇರು ಗ್ರೀಕಿನ ಪಾರೊಯಿಕಿಯಾ: ತನ್ನದಲ್ಲದ ಊರಿನಲ್ಲಿ ಬೀಡುಬಿಟ್ಟು ಬದುಕುವುದು. ಹಾಗೆ ಬದುಕುವವನು ಪಾರೊಯಿಕೊಸ್. ಇದು ನಮ್ಮ 'ಪರಕೀಯ'ನಂತೆ ಕೇಳಿಸುವುದು ಬರೀ ಕಾಕತಾಳೀಯ ಎಂದು ಪಂಡಿತರು ಗದರಿಸುತ್ತಾರೆ. ಅವರು ಒಂದು ಭಾನುವಾರ ಬಂದು, ಪರಸ್ಪರ ಸಮಾಧಾನ ಕೋರಿರಿ ಎಂದು ಗುರುಗಳು ಹೇಳಿದಾಗ ನಾವು ಕೈಮುಗಿಯುವ ರೀತಿಯನ್ನು ನೋಡಬೇಕು. ಇಪ್ಪತ್ತು ವರ್ಷಗಳಿಂದ ನನ್ನ ಎಡಕ್ಕೆ ಕೂರುವ ಮಹನೀಯರಿಗೆ ನಾನು ಸಾವಿರ ಸಲ ಸಮಾಧಾನ ಕೋರಿದ್ದೇನೆ. ಹೆಸರು ಗೊತ್ತಿಲ್ಲ. ಮನೆಯಲ್ಲಿ ಅವರನ್ನು 'ಫ್ಯಾನಿನ ಕೆಳಗಿನವರು' ಎನ್ನುತ್ತೇವೆ. ಅವರ ಮನೆಯಲ್ಲಿ ನನಗೂ ಒಂದು ಬಿರುದು ಇದ್ದೀತು.

ಇನ್ನು ಧರ್ಮಸೂತ್ರ. ಎರಡನೆಯ ಜಾನ್ ಪಾಲರು 1983ರಲ್ಲಿ ಹೊರಡಿಸಿದ ಕ್ಯಾನನ್ ಕಾನೂನಿನಲ್ಲಿ 1752 ಸೂತ್ರಗಳಿವೆ. ಪೀಠಗಳ ಪ್ರಸ್ತಾಪ ಬೇಕಾದಷ್ಟಿದೆ, ಪ್ಲಾಸ್ಟಿಕ್ ಕುರ್ಚಿಯದು ಇಲ್ಲ. ಸೂತ್ರ 536: ಧರ್ಮಾಧ್ಯಕ್ಷರಿಗೆ ಯುಕ್ತವೆಂದು ಕಂಡರೆ ಧರ್ಮಕೇಂದ್ರದಲ್ಲಿ ಪಾಲನಾ ಮಂಡಳಿ ಇರತಕ್ಕದ್ದು, ಅದರದು ಸಲಹೆಯ ಮತ ಮಾತ್ರ. ಸೂತ್ರ 537: ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇತಕ್ಕದ್ದು. ಭಾಷ್ಯ: ಆತ್ಮಗಳಿಗೆ 'ಯುಕ್ತವೆಂದು ಕಂಡರೆ', ಲೆಕ್ಕಕ್ಕೆ 'ಇರಲೇತಕ್ಕದ್ದು'. ಸೂತ್ರಕಾರರು ಮನುಷ್ಯರನ್ನು ಬಲ್ಲವರು. ತೀರ್ಮಾನಿಸುವ ಅಧಿಕಾರ ಇಲ್ಲದ್ದರಿಂದಲೇ ನಮ್ಮ ಮಂಡಳಿಯ ಸಭೆ ಮೂರು ಗಂಟೆ ನಡೆಯುತ್ತದೆ. ಅಧಿಕಾರ ಇರುವವರಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಸೂತ್ರ 212ರ ಪ್ರಕಾರ ಭಕ್ತಾದಿಗಳಿಗೆ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವ ಹಕ್ಕಿದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು. ನಮ್ಮಲ್ಲಿ ಈ ಹಕ್ಕನ್ನು ಅಂಗಳದ ಮಾವಿನ ಮರದ ಕೆಳಗೆ, ಪಾಲಕರು ಊಟಕ್ಕೆ ಹೋದ ಮೇಲೆ ಚಲಾಯಿಸುತ್ತೇವೆ.

ಪಾದ್ರಿಯೂ ಅಲ್ಲದ ಸಿಸ್ಟರೂ ಅಲ್ಲದ ನಮ್ಮಂಥವರಿಗೆ ಚರ್ಚಿನ ಕನ್ನಡದಲ್ಲಿ 'ಶ್ರೀಸಾಮಾನ್ಯರು' ಎಂದು ಹೆಸರು. ನಮ್ಮ ಪಾತ್ರವೇನೆಂದು ವಿವರಿಸಲು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಒಂದು ಇಡೀ ಆಜ್ಞಾಪತ್ರವನ್ನೇ ಹೊರಡಿಸಿತು. ಸಾಮಾನ್ಯನ ಹಿಂದೆ ಶ್ರೀ ಹಚ್ಚಿದರೆ ಅವನಿಂದ ಶಾಮಿಯಾನದ ಗೂಟ ಹೊಡೆಸಬಹುದು ಎಂಬುದು ಆನಂತರದ ವೈಯಾಕರಣರ ಸಂಶೋಧನೆ. ಧರ್ಮಕೇಂದ್ರವನ್ನು ವಾಡೊಗಳಾಗಿ ಹಂಚಿ, ವಾಡೊಗೊಬ್ಬ ಗುರ್ಕಾರನನ್ನು ಇಟ್ಟಿದ್ದಾರೆ. ಈತ ಕನ್ನಡ, ತುಳುಗಳ ಗುರಿಕಾರನೇ, ಮುಖಂಡನೆಂದು ಅರ್ಥ. ಪ್ರಕೃತ ಭಾಷ್ಯಕಾರನ ಮತದಲ್ಲಿ ಗುರಿ ಇಡುವವನಲ್ಲ, ಗುರಿಯಾಗುವವನು ಗುರಿಕಾರ. ವಾಡೊದ ಪ್ರಾರ್ಥನಾ ಕೂಟಕ್ಕೆ ಮೂವತ್ತು ಮನೆಗಳಿಂದ ಒಂಬತ್ತು ಮಂದಿ ಬರುತ್ತಾರೆ. ಎಂಟು ಹೆಂಗಸರು. ಒಂಬತ್ತನೆಯವನು ಆ ಮನೆಯ ಯಜಮಾನ. ಕೂಟ ತನ್ನ ಮನೆಯಲ್ಲೇ ಇರುವುದರಿಂದ ಎಲ್ಲಿಗೂ ಓಡಿಹೋಗಲಾರ.

ಇಲ್ಲಿ ಗುರುಗಳನ್ನು ಬೈದರೆ ಶಾಸ್ತ್ರ ಸುಲಭವಾಗಿ ಮುಗಿಯುತ್ತದೆ, ಆದರೆ ಸುಳ್ಳಾಗುತ್ತದೆ. ಕುಟುಂಬಗಳನ್ನು ಭೇಟಿ ಮಾಡಬೇಕೆನ್ನುವ ಸೂತ್ರ 529ನ್ನು ನಮ್ಮ ಗುರುಗಳು ಪಾಲಿಸುತ್ತಾರೆ. ಹೋದ ಮನೆಗಳಲ್ಲಿ ಸಿಗುವುದು ಇಬ್ಬರು ವೃದ್ಧರು ಮತ್ತು ಕಟ್ಟಿಹಾಕಿದ ಒಂದು ನಾಯಿ. ಅಜ್ಜಿ ಫೋನು ಎತ್ತಿ ಹಿಡಿದು ಟೊರಾಂಟೊದ ಮೊಮ್ಮಗನಿಗೆ ವೀಡಿಯೊದಲ್ಲೇ ಆಶೀರ್ವಾದ ಮಾಡಿಸುತ್ತಾಳೆ. ಬೆಂಚು ಎತ್ತಬೇಕಾದ ತೋಳುಗಳೆಲ್ಲ ಆ ಫೋನಿನ ಒಳಗಿವೆ.

ಇದಕ್ಕೆ ಶಾಸನಾಧಾರವಿದೆ. ನಮ್ಮ ಸಭಾಭವನದ ಮುನ್ನೂರು ಕುರ್ಚಿಗಳ ಬೆನ್ನ ಮೇಲಿನ ಬರಹಗಳನ್ನು ನಾನು ಎರಡು ಮಳೆಗಾಲ ಕುಳಿತು ಪ್ರತಿ ಮಾಡಿಕೊಂಡಿದ್ದೇನೆ. ಅತಿ ಪ್ರಾಚೀನ ಸ್ತರದಲ್ಲಿರುವುದು ಕಬ್ಬಿಣದ ಮಡಚು ಕುರ್ಚಿಗಳು: ಬಿಳಿ ಬಣ್ಣದಲ್ಲಿ ದಾನಿಯ ಹೆಸರು, ಕೆಳಗೆ 'ಬೊಂಬಾಯಿ'. ನಡುವಿನ ಸ್ತರ ಕೆಂಪು ಪ್ಲಾಸ್ಟಿಕ್ಕಿನದು: ಕುವೈತ್, ದೋಹಾ, ಬಹರೇನ್. ಮೇಲಿನ ಸ್ತರದ ಬಿಳಿ ಕುರ್ಚಿಗಳಲ್ಲಿ ಕೆನಡಾ ಕಾಣಿಸಿಕೊಳ್ಳುತ್ತದೆ, ಅಕ್ಷರಗಳೂ ಸ್ಟಿಕ್ಕರಾಗುತ್ತವೆ. ಒಂದು ಜನಾಂಗದ ವಲಸೆಯ ಚರಿತ್ರೆಯನ್ನು ಇಷ್ಟು ಅಚ್ಚುಕಟ್ಟಾಗಿ ಪೇರಿಸಿಟ್ಟ ದಾಖಲೆ ಬೇರೆಲ್ಲೂ ಇರಲಾರದು. 'ಸ್ಮರಣಾರ್ಥ' ಎಂಬುದಕ್ಕೆ 'ಸ್ಮರ್ಣಾರ್ಥ', 'ಸ್ಮರಣಾರ್ತ' ಎಂಬ ಪಾಠಾಂತರಗಳಿವೆ. ತೀರಿಕೊಂಡವರನ್ನು ನೆನೆದು ಆರ್ತರಾಗುವುದೂ ಸಹಜವಾದ್ದರಿಂದ ಎರಡನೆಯದನ್ನು ತಿದ್ದಬೇಕಿಲ್ಲ. ಪಕ್ಕದ ಧರ್ಮಕೇಂದ್ರದ ಹೆಸರಿರುವ ಆರು ಕುರ್ಚಿಗಳು ಪ್ರಕ್ಷಿಪ್ತ. ಯಾರ ಕೈವಾಡವೆಂದು ಗೊತ್ತು, ಬರೆಯುವುದಿಲ್ಲ. ಹಲ್ಮಿಡಿಯ ಹದಿನಾರು ಸಾಲುಗಳಲ್ಲಿ ಕಲ್ಲು ಹೊತ್ತವನ ಹೆಸರಿಲ್ಲ, ನಮ್ಮ ಮುನ್ನೂರರಲ್ಲಿ ಕುರ್ಚಿ ಹೊತ್ತವನ ಹೆಸರಿಲ್ಲ. ಕನ್ನಡ ಶಾಸನ ಪರಂಪರೆ ಅವಿಚ್ಛಿನ್ನ.

ಈಗ ಪೂರ್ವಪಕ್ಷ. ಹಣಕಾಸು ಸಮಿತಿಯ ಒಬ್ಬ ಸದಸ್ಯರು ಎದ್ದು ಹೇಳಿದರು: 'ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ? ದುಡ್ಡು ಬಿಸಾಡಿದರೆ ಜನ ಬರುತ್ತಾರೆ.' ಒಪ್ಪಿದೆವು. ಆ ವರ್ಷ ವಾರ್ಷಿಕ ಹಬ್ಬದ ಅಡುಗೆ ಕ್ಯಾಟರಿಂಗ್‌ನವರದು, ತೋರಣ ಡೆಕೊರೇಷನ್‌ನವರದು, ಮೈಕು ಸೌಂಡ್ಸ್‌ನವರದು. ಹಬ್ಬದ ಮುಂಚಿನ ಕೊಂಪ್ರಿ ಆಯ್ತಾರಕ್ಕೆ, ಅಂದರೆ ಭ್ರಾತೃತ್ವದ ಭಾನುವಾರಕ್ಕೆ, ಭ್ರಾತೃಗಳೆಲ್ಲ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಇಸ್ತ್ರಿ ಕೆಡದಂತೆ ಹೋದರು. ಕೆಲಸ ಚೊಕ್ಕಟ. ಒಪ್ಪಬೇಕು.

ಸಿದ್ಧಾಂತ ಹೇಳುವ ಮೊದಲು ಹಳೆಯ ಪದ್ಧತಿಯನ್ನು ನೆನೆಯಬೇಕು. ಹಬ್ಬದ ಹಿಂದಿನ ರಾತ್ರಿ ಹೆಂಗಸರು ಸಾಲಾಗಿ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು, ಗಂಡಸರು ಮಡಲು ಹೆಣೆಯುತ್ತಿದ್ದರು. ಎಂಟು ಗಂಟೆಗೆ ಉಪ್ಪಿನ ವಿಷಯದಲ್ಲಿ ಜಗಳ. ಹತ್ತಕ್ಕೆ ಹಳೆಯ ಗಡಿ ತಕರಾರು. ಹನ್ನೊಂದರ ಹೊತ್ತಿಗೆ ಯಾರೋ ಅಳುತ್ತಿದ್ದರು, ಯಾರೋ ಸಮಾಧಾನ ಮಾಡುತ್ತಿದ್ದರು. ನನ್ನ ಮದುವೆಯ ಮಾತು ಶುರುವಾದದ್ದು ಅಂಥ ಒಂದು ತುರಿಯುವ ಮಣೆಯ ಪಕ್ಕದಲ್ಲಿ. ಈಗ ಜಗಳವೇ ಇಲ್ಲ. ಜಗಳ ಆಡುವಷ್ಟು ಪರಿಚಯ ಉಳಿದಿಲ್ಲ. ಇಷ್ಟೇ ಸಿದ್ಧಾಂತ, ಮಂಡಳಿಯ ನಡಾವಳಿಯಲ್ಲಿ ಇದನ್ನು ಬರೆಯಲು ಹೊರಟಾಗ, ಇದು ಯಾವ ಆಯೋಗದ ಕೆಳಗೆ ಬರುತ್ತದೆ ಎಂದು ಆಯೋಗಗಳ ಸಂಯೋಜಕರು ಕೇಳಿದರು.

ಉಳಿದಿರುವುದು ಒಂದು ಅಪವಾದ. ಸೆಪ್ಟೆಂಬರ್ 8, ಮೊಂತಿ ಹಬ್ಬ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂಡಾ ಆರಂಭಿಸಿದರೆಂದು ಹೇಳುವ ಹಬ್ಬ ಇದು. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ. ಮಕ್ಕಳಿಗೆ ಕಬ್ಬು. ಮನೆಯಲ್ಲಿ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಹೊಸ ಅಕ್ಕಿಯೂಟ, ಮೀನು ಮಾಂಸ ಇಲ್ಲ. ವರ್ಷವಿಡೀ ಮುಖ ತೋರಿಸದವರೂ ತೆನೆಗೆ ಬರುತ್ತಾರೆ, ಆದ್ದರಿಂದ ಕುಟುಂಬಕ್ಕೆ ಇಂತಿಷ್ಟೇ ಎಂದು ಗುರ್ಕಾರರು ಪಟ್ಟಿ ಹಿಡಿದು ಹಂಚುತ್ತಾರೆ. ಹೋದ ವರ್ಷ ಹಂಚಿ ಮುಗಿದು ಅಂಗಳದಲ್ಲಿ ಕಬ್ಬಿನ ಸಿಪ್ಪೆ ಮಾತ್ರ ಉಳಿದಾಗ ನಾನು ಎಂದಿನಂತೆ ಸಭಾಭವನಕ್ಕೆ ಹೋದೆ. ಅರ್ಧ ಕುರ್ಚಿಗಳು ಆಗಲೇ ಗೋಡೆ ಸೇರಿದ್ದವು.

ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೆರಡರವನು. ಪ್ರತಿ ಭಾನುವಾರ ಗ್ರೊಟ್ಟೊದ ಹತ್ತಿರ ಹೊರಗೇ ನಿಲ್ಲುವವನು. ನನ್ನ ವರ್ಗೀಕರಣದಲ್ಲಿ ಅವನನ್ನು ಇಷ್ಟು ದಿನ 'ಬೈಕಿಗೆ ಒರಗಿ ನಿಲ್ಲುವವರು' ಎಂಬ ಪಂಗಡಕ್ಕೆ ಸೇರಿಸಿದ್ದೆ, ಅವನಿಗೆ ಬೈಕಿಲ್ಲ ಎಂಬುದನ್ನು ಗಮನಿಸದೆ. ಜಾರ್ಖಂಡಿನ ಸಿಮ್ಡೇಗಾ ಕಡೆಯವನಂತೆ. ಇಲ್ಲಿ ಏಳುತ್ತಿರುವ ಫ್ಲ್ಯಾಟಿನ ಕೆಲಸಕ್ಕೆ ಬಂದವನು. ಅವನ ಹಿಂದಿಯಲ್ಲಿ ಸಾದ್ರಿ ಇತ್ತು, ನನ್ನದರಲ್ಲಿ ಕೊಂಕಣಿ. ನಮ್ಮೂರಿಗೆ ಯೇಸುಸಭೆಯ ಇಟಲಿಯ ಪಾದ್ರಿಗಳು ಬಂದದ್ದು 1878ರ ಕೊನೆಗೆ, ಅವರ ಕಡೆಗೆ ಅದೇ ಸಭೆಯ ಬೆಲ್ಜಿಯಮ್ಮಿನ ಪಾದ್ರಿ ಲೀವೆನ್ಸ್ ಹೋದದ್ದು 1885ರಲ್ಲಿ. ಹೀಗಾಗಿ ಮೊಣಕಾಲೂರುವ ಜಾಗಗಳೆಲ್ಲ ಅವನಿಗೆ ಬಾಯಿಪಾಠ, ಕೊಂಕಣಿ ಪ್ರವಚನ ಮಾತ್ರ ಅರ್ಥವಾಗುವುದಿಲ್ಲ. ಅದು ನಮಗೂ ಹಾಗೆಯೇ ಎಂದೆ.

ಯಾರು ಹೇಳಿದರು ಕುರ್ಚಿ ಎತ್ತಲು, ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಹತ್ತಲಿಲ್ಲ. ಊರಿನಲ್ಲಿ ಪೂಜೆ ಮುಗಿದರೆ ಎಲ್ಲರೂ ಎತ್ತುತ್ತಾರಂತೆ. 'ಇಲ್ಲಿ ಎಲ್ಲರೂ ಓಡಿದ್ದು ನೋಡಿ, ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ.'

ಒಂದು ಬೆಂಚು ಉಳಿದಿತ್ತು. ನಾನು ಬಗ್ಗುವ ಮೊದಲೇ ಇನ್ನೊಂದು ತುದಿ ಎದ್ದಿತ್ತು.

ತೆನೆ ಸಿಕ್ಕಿತಾ ಎಂದರೆ ಇಲ್ಲವೆಂದ. ಗುರ್ಕಾರರ ಹತ್ತಿರ ಮಿಕ್ಕಿದ್ದವು. ಪಟ್ಟಿ ನೋಡಿ, ಯಾವ ವಾಡೊ ಎಂದು ಕೇಳಿದರು. ಗೋವಾದಿಂದ ಓಡಿಬಂದು, ಟಿಪ್ಪುವಿನ ಕಾಲದಲ್ಲಿ 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದು, ಮರಳಿ ಬಂದು ಮತ್ತೆ ಬೇರೂರಿದವರ ಮರಿಮಕ್ಕಳು ಈ ಪ್ರಶ್ನೆಯನ್ನು ಯಾವ ಕಷ್ಟವೂ ಇಲ್ಲದೆ ಕೇಳಿದೆವು. ಬಹುವಚನ ಉದ್ದೇಶಪೂರ್ವಕ, ಪಟ್ಟಿ ಟೈಪ್ ಮಾಡಿದವನು ನಾನೇ. ನನ್ನ ಮನೆಯ ತೆನೆಯನ್ನು ಅವನಿಗೆ ಕೊಟ್ಟೆ ಎಂದು ಬರೆದರೆ ಗ್ರಂಥಕ್ಕೆ ಶೋಭೆ ಬರುತ್ತಿತ್ತು. ಅದನ್ನು ಹೆಂಡತಿ ಆಗಲೇ ಮನೆಗೆ ಒಯ್ದಿದ್ದಳು.

ಮುಂದಿನ ಸಭೆಯಲ್ಲಿ ಅವನ ಹೆಸರನ್ನು ಸೇರಿಸುವ ಪ್ರಸ್ತಾಪ ಇಟ್ಟೆ. ಫ್ಲ್ಯಾಟಿನ ಜಾಗ ಎರಡು ವಾಡೊಗಳ ಗಡಿಯಲ್ಲಿದೆ. ಒಬ್ಬ ಗುರ್ಕಾರರು ಇನ್ನೊಬ್ಬರಿಗೆ ಅತ್ಯಂತ ಗೌರವದಿಂದ ಬಿಟ್ಟುಕೊಟ್ಟರು, ಅವರು ಅಷ್ಟೇ ಗೌರವದಿಂದ ಮರಳಿಸಿದರು. ವಿಷಯವನ್ನು ಮುಂದೂಡಲಾಗಿದೆ. ಕಟ್ಟಡಕ್ಕೆ ಇನ್ನೂ ನಾಲ್ಕು ಸ್ಲ್ಯಾಬು ಬಾಕಿಯಿದೆ. ಅ‍ಷ್ಟರೊಳಗೆ ಸಲಹೆಯ ಮತ ಸಿದ್ಧವಾಗಬಹುದು.

ಹಳೆಯ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರ, ಬೆನ್ನು ಮುರಿಯಿತು, ಕತ್ತು ಬಾಗಿತು, ಕಷ್ಟದಿಂದ ಬರೆದದ್ದನ್ನು ಜೋಪಾನ ಮಾಡಿರಿ ಎಂದು ಬೇಡಿಕೊಳ್ಳುವುದುಂಟು. ಈ ಲಿಪಿಕಾರನ ಬೆನ್ನೂ ನೆಟ್ಟಗಿಲ್ಲ, ಬರೆದದ್ದರಿಂದಲ್ಲ. ಗ್ರಂಥವನ್ನು ಜೋಪಾನ ಮಾಡಬೇಕಾಗಿಲ್ಲ. ಬಿಳಿ ಕುರ್ಚಿಗಳನ್ನು ಮಾತ್ರ ಹತ್ತಕ್ಕಿಂತ ಹೆಚ್ಚು ಪೇರಿಸಬೇಡಿ, ಕೆಳಗಿನದರ ಕಾಲು ಸೀಳುತ್ತದೆ.