ಬಂಪರ್ ತಿಕ್ಕುವ ವಿದ್ಯೆ

ಬೀದರ್ ಕಡೆಯ ನಮ್ಮ ಮನ್ನಳ್ಳಿಯಲ್ಲಿ ಕಾರು ಕೊಂಡವನಿಗೆ ಮೊದಲು ಸಿಗುವುದು ಸಲಹೆ, ಗೀರು ಆಮೇಲೆ. ಗೀರು ಬೀಳಲು ಇಲ್ಲಿ ಕಾರಣಗಳಿಗೇನೂ ಬರವಿಲ್ಲ. ದಾರಿಬದಿಯ ಜಾಲಿಮುಳ್ಳು, ತಿರುವಿನಲ್ಲಿ ಎದುರಾಗುವ ಎಮ್ಮೆ, ಹೋಟೆಲ್ ಮುಂದೆ ಹೇಗೆಂದರೆ ಹಾಗೆ ನಿಲ್ಲಿಸಿದ ಬೈಕು, ಕಬ್ಬಿನ ಸೀಜನ್ನಿನಲ್ಲಿ ಕಾರ್ಖಾನೆಗೆ ಹೊರಟ ಟ್ರಾಲಿಯಿಂದ ಜೋತುಬಿದ್ದ ಜಲ್ಲೆ, ರಾಶಿಗೆಂದು ಡಾಂಬರಿನ ಮೇಲೆ ಹಾಸಿದ ಸೋಯಾ ಕಡ್ಡಿ, ಎಲ್ಲವೂ ಮೊದಲು ಮುಟ್ಟುವುದು ಬಂಪರನ್ನೇ. ಅದು ಇರುವುದೇ ಅದಕ್ಕೆ ಎನ್ನಬಹುದು. ಹಾಗಿದ್ದರೆ ಅದಕ್ಕೆ ಬಾಗಿಲಿನಷ್ಟೇ ಚೆಂದದ ಬಣ್ಣ ಯಾಕೆ ಬಳಿದರು? ಗುದ್ದಿಸಿಕೊಳ್ಳಲೆಂದೇ ಮುಂದೆ ನಿಲ್ಲಿಸಿದ ಆಳಿಗೆ ಮದುವೆಯ ಶೇರವಾನಿ ತೊಡಿಸಿದ ಹಾಗಾಯಿತು.

ನಮ್ಮ ಓಣಿಯ ಮುತ್ಯಾನಿಗೆ ಈ ಬಂಪರಿನ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಅಂಬಾಸಡರ್ ಕಾಲದ ಮನುಷ್ಯ. ಅದರದು ಕ್ರೋಮ್ ಲೇಪಿಸಿದ ಉಕ್ಕಿನ ಬಂಪರ್, ಎಮ್ಮೆ ಬಂದು ಗುದ್ದಿದರೆ ಎಮ್ಮೆಯೇ ಯೋಚನೆ ಮಾಡಬೇಕಿತ್ತು. ನನ್ನ ಕಾರಿನ ಮೂತಿಯನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, "ಇದು ಕೊಡಪಾನ ಅದಲ್ಲೋ ತಮ್ಮಾ!" ಎಂದುಬಿಟ್ಟರು. ನಾನು ಸುಮ್ಮನಿರಬೇಕಿತ್ತು. ಫ್ರಾನ್ಸಿನ ರೆನೋ ಕಂಪನಿ 1972ರಲ್ಲೇ ತನ್ನ 'ರೆನೋ 5' ಕಾರಿಗೆ ಪ್ಲಾಸ್ಟಿಕ್ ಬಂಪರ್ ಹಾಕಿತ್ತು, ಈಗ ಹೆಚ್ಚಿನ ಕಾರುಗಳ ಬಂಪರ್ ಪಾಲಿಪ್ರೊಪಿಲೀನ್‌ನಿಂದ ಆಗುತ್ತದೆ, ಹಗುರ, ಸಣ್ಣ ಪೆಟ್ಟಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ ಎಂದೆಲ್ಲ ವಿವರಿಸಿದೆ. ಮುತ್ಯಾ ಕೊನೆತನಕ ಕೇಳಿ, "ಅಂದ್ರ ಕೊಡಪಾನನೇ ಅಲ್ಲ?" ಎಂದರು. ಕೊಡಗಳನ್ನೂ ಪಾಲಿಪ್ರೊಪಿಲೀನ್‌ನಿಂದ ಮಾಡುವುದುಂಟು. ಹಾಗಾಗಿ ವಾದ ಅಲ್ಲಿಗೇ ನಿಂತಿತು.

ಗೀರು ಕಂಡ ಕೂಡಲೇ ವೈದ್ಯರು ಸೇರುತ್ತಾರೆ. ಕೊಬ್ಬರಿ ಎಣ್ಣೆ ಹಚ್ಚು ಎಂದವರು ನಾಲ್ಕು ಜನ. ಎಣ್ಣೆ ಹಚ್ಚಿದರೆ ಗೀರು ಮಾಯವಾಗುವುದು ನಿಜ, ಸಂಜೆಯತನಕ. ಅಷ್ಟರಲ್ಲಿ ಬೀದರಿನ ಕೆಂಪು ದೂಳು ಅದರ ಮೇಲೆ ಕೂತು ಮನೆ ಮಾಡಿರುತ್ತದೆ. ಹಲ್ಲುಜ್ಜುವ ಪೇಸ್ಟಿನ ಪಕ್ಷ ಇನ್ನೂ ದೊಡ್ಡದು. ಅದರಲ್ಲಿ ಸಣ್ಣ ತರಿ ಇರುವುದರಿಂದ ಸ್ವಲ್ಪ ಕೆಲಸ ಮಾಡುತ್ತದೆ. ಹಲ್ಲಿಗೆಂದು ಮಾಡಿದ ತರಿ ಬಣ್ಣದ ಮೇಲೆ ಎಷ್ಟು ತಿಂದೀತು ಎಂಬ ಭರವಸೆ ಮಾತ್ರ ಯಾರೂ ಕೊಡುವುದಿಲ್ಲ. ಸೀಮೆಎಣ್ಣೆ, ಬೂದಿ, ಹುಣಸೆಹುಳಿಯ ಹೆಸರುಗಳೂ ಬಂದವು. ಹುಣಸೆಹುಳಿ ಸೂಚಿಸಿದವರು ನಮ್ಮ ಕಾಕಿ. ಕಾರನ್ನು ಅವರು ಹಬ್ಬದ ಹಿತ್ತಾಳೆ ಸಾಮಾನಿನ ಲೆಕ್ಕಕ್ಕೆ ಸೇರಿಸಿದ್ದು ನನಗೆ ಗೌರವವೆನಿಸಿತು, ಸಲಹೆ ಪಾಲಿಸಲಿಲ್ಲ.

ಇವರ್ಯಾರೂ ಒಪ್ಪದ ಒಂದು ಸಂಗತಿಯಿದೆ. ಪಾಲಿಷ್ ಮಾಡುವುದೆಂದರೆ ಏನನ್ನೋ ಹಚ್ಚುವುದಲ್ಲ, ಇದ್ದದ್ದನ್ನು ತೆಗೆಯುವುದು. ಬಂಪರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟೂ ಕಷ್ಟ. ಗೀರಿನ ಎರಡೂ ದಡಗಳನ್ನು ತುಸು ತಿಕ್ಕಿ ತಗ್ಗಿಸಿ ಮಟ್ಟ ಮಾಡಿದರೆ ಬೆಳಕು ನೇರ ಮರಳಿ, ಗೀರು ಕಾಣದಾಗುತ್ತದೆ. ಪ್ರತಿ ಸಲ ಹೊಳೆದಾಗಲೂ ಆ ಗಂಟಿನಿಂದ ಒಂದಿಷ್ಟು ಖರ್ಚಾಯಿತೆಂದೇ ಲೆಕ್ಕ. ಅಂಚು, ಮಡಿಕೆ, ಮೂಲೆಗಳಲ್ಲಿ ಬಣ್ಣ ಇನ್ನೂ ತೆಳು, ಮತ್ತು ಗೀರು ಬೀಳುವುದೂ ಅಲ್ಲಿಯೇ.

ಬೀದರಿನವರಿಗೆ ಹೊಳಪಿನ ವಿಷಯ ಹೇಳಿಕೊಡುವುದು ಸ್ವಲ್ಪ ಉದ್ಧಟತನವೇ. ಬಿದ್ರಿ ಕೆಲಸದ ಊರು ಇದು. 2006ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು, 2023ರಲ್ಲಿ ಬಿದ್ರಿ ಕುಶಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ನವಸಾಗರ ಮತ್ತು ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬರಿಸುತ್ತಾರೆ. ಆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಆರಿಸುವ ಕುಶಲಿಗಳಿದ್ದಾರೆ. ಇಷ್ಟೆಲ್ಲ ತಡೆದುಕೊಳ್ಳುತ್ತದೆ, ಅದು ಲೋಹ. ಕಪ್ಪು ಕೂಡ ಅದರ ಮೈಯದ್ದೇ. ಬಂಪರಿನದು ಹಾಗಲ್ಲ. ಪಾಲಿಪ್ರೊಪಿಲೀನ್‌ಗೆ ಬಣ್ಣ ತಾನಾಗಿ ಅಂಟುವುದೇ ಇಲ್ಲ, ನಡುವೆ ಅಂಟಿಸುವ ಪ್ರೈಮರ್ ಎಂಬ ಮಧ್ಯಸ್ಥ ಬೇಕು. ಹಾಗೆ ಒಪ್ಪಿಸಿ ಕೂರಿಸಿದ ಸಂಬಂಧವನ್ನು ಜೋರಾಗಿ ತಿಕ್ಕಿ ಪರೀಕ್ಷೆ ಮಾಡಬಾರದು.

ಮಾಡಿದವನು ನನ್ನ ಸೋದರಮಾವನ ಮಗ, ತನ್ನ ಕಾರಿನ ಮೇಲೆ. ಬಾಗಿಲು-ಕಿಟಕಿ ವೆಲ್ಡಿಂಗ್ ಮಾಡುವವರಿಂದ ಗ್ರೈಂಡರ್ ಎರವಲು ತಂದು, ಅದಕ್ಕೊಂದು ಉಣ್ಣೆಯ ಪ್ಯಾಡ್ ಕಟ್ಟಿದ. ಅಂಥ ಸಣ್ಣ ಗ್ರೈಂಡರ್ ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗುತ್ತದೆ. ಪಾಲಿಷ್ ಮಶೀನಿಗೆ ಬೇಕಾದದ್ದು ಸಾವಿರದ ಆಸುಪಾಸು. "ಅಣ್ಣಾ, ಬಾಗಿಲಿಗಿ ಮಾಡೀನಿ, ಕನ್ನಡಿ ಆಗ್ಯಾದ ನೋಡ್ರಿ" ಎಂದ. ಆಗಿತ್ತು. ಉಕ್ಕಿನ ಬಾಗಿಲು ತಿಕ್ಕಿದ ಬಿಸಿಯನ್ನು ಸುತ್ತಮುತ್ತ ಹಂಚಿಬಿಡುತ್ತದೆ. ಪ್ಲಾಸ್ಟಿಕ್ಕಿಗೆ ಹಂಚುವ ಗುಣವೇ ಇಲ್ಲ, ಉಕ್ಕಿಗಿಂತ ನೂರಾರು ಪಟ್ಟು ಕಡಿಮೆ ಶಾಖವನ್ನು ಸಾಗಿಸುತ್ತದೆ. ಬಿಸಿ ಬಿದ್ದಲ್ಲೇ ಬಿದ್ದಿರುತ್ತದೆ. ಮೂಲೆಯಲ್ಲಿ ಮಶೀನ್ ಕ್ಷಣಕಾಲ ನಿಂತಿದ್ದೇ ತಡ, ಬಣ್ಣ ಮೆತ್ತಗಾಗಿ, ಮುದುಡಿ, ಒಳಗಿನ ಕರಿ ಮೈ ಬಯಲಾಯಿತು. ಗೀರು ಮಾತ್ರ ಹೋಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಅದು ಇದ್ದ ಜಾಗವೇ ಹೋಗಿತ್ತಲ್ಲ.

ನಾನು ಕೈಯಿಂದ ಮಾಡುವವನು; ಸೋಮಾರಿಗಳಿಗೆ ಇದರಷ್ಟು ಸುರಕ್ಷಿತ ದಾರಿ ಇನ್ನೊಂದಿಲ್ಲ. ಮೊದಲು ನೀರು. ಧಾರಾಳವಾಗಿ ನೀರು ಸುರಿದು ದೂಳು ಇಳಿಸಿ, ಶಾಂಪೂ ಹಾಕಿ ತೊಳೆಯಬೇಕು. ಒಣ ಬಟ್ಟೆಯಿಂದ ದೂಳು ಒರೆಸುವವರು ಗೀರು ತೆಗೆಯುತ್ತಿಲ್ಲ, ಹೊಸದಾಗಿ ಬಿತ್ತುತ್ತಿದ್ದಾರೆ. ಆಮೇಲೆ ಉಗುರಿನ ಪರೀಕ್ಷೆ: ಗೀರಿನ ಮೇಲೆ ಅಡ್ಡ ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಆಳಕ್ಕಿಳಿದಿದೆ ಎಂದರ್ಥ. ಅಂಥದ್ದನ್ನು ತಿಕ್ಕಿ ತೆಗೆಯುವ ಆಸೆ ಬಿಟ್ಟು ಟಚಪ್ ಬಣ್ಣಕ್ಕೋ ಪೇಂಟರ್ ಹತ್ತಿರಕ್ಕೋ ಹೋಗಬೇಕು. ಉಗುರು ಜಾರಿದರೆ ನಮ್ಮ ಕೈಲಿದೆ. ನೆರಳಿನಲ್ಲಿ, ಬಂಪರ್ ತಣ್ಣಗಿರುವಾಗ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಪಕ್ಕದಲ್ಲಿರುವ ಬಣ್ಣವಿಲ್ಲದ ಒರಟು ಕಪ್ಪು ಪ್ಲಾಸ್ಟಿಕ್ಕಿಗೂ ಟೇಪ್ ಕಡ್ಡಾಯ. ಅದರ ಸಂದಿಗೆ ಪಾಲಿಷ್ ಹೊಕ್ಕರೆ ಬೆಳ್ಳಗೆ ಕೂತುಬಿಡುತ್ತದೆ. ನಮ್ಮೂರಿನಲ್ಲಿ ಅದನ್ನು ಆಯುಧಪೂಜೆಯ ವಿಭೂತಿ ಎಂದು ಸಾಗಹಾಕಬಹುದು, ಆದರೆ ವರ್ಷವಿಡೀ ಅಲ್ಲ. ಮೈಕ್ರೋಫೈಬರ್ ಬಟ್ಟೆಯ ಮೇಲೆ ಎಲ್ಲಕ್ಕಿಂತ ಸೌಮ್ಯವಾದ ಪಾಲಿಷ್ ಒಂದೆರಡು ಹನಿ, ಅಂಗೈಯಗಲ ಜಾಗ, ಹಗುರ ಕೈ. ಒರೆಸಿ ನೋಡು, ಸಾಲದಿದ್ದರೆ ಮತ್ತೊಮ್ಮೆ. ಮಶೀನೇ ಬೇಕೆಂದರೆ ಡ್ಯುಯಲ್ ಆ್ಯಕ್ಷನ್ ಎಂಬ ಅಲುಗಾಡುತ್ತ ತಿರುಗುವಂಥದ್ದು, ಮೆತ್ತನೆ ಫೋಮ್ ಪ್ಯಾಡಿನೊಂದಿಗೆ, ಕಡಿಮೆ ವೇಗದಲ್ಲಿ, ಎಲ್ಲೂ ನಿಲ್ಲಿಸದೆ. ನಡುನಡುವೆ ಬಂಪರನ್ನು ಮುಟ್ಟಿ ನೋಡಬೇಕು. ಬೆಚ್ಚಗಾಗಿದ್ದರೆ ಚಹಾಕ್ಕೆ ಹೋಗಬೇಕು. ಈ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ ನಿಯಮ ಇದೊಂದೇ.

ಇಷ್ಟು ಪಾಡು ಯಾಕೆ, ಮುಂದೊಂದು ಕಬ್ಬಿಣದ ಗಾರ್ಡ್ ಹಾಕಿಸಿಬಿಡು ಎಂದವರೂ ಇದ್ದಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದು ಮೋಟಾರು ವಾಹನ ಕಾಯಿದೆಗೆ ವಿರುದ್ಧ, ಕ್ರಮ ಜರುಗಿಸಿ ಎಂದು ರಾಜ್ಯಗಳಿಗೆ ಬರೆದದ್ದನ್ನು ಹೇಳಿದೆ. "ಎಮ್ಮಿಗೂ ಒಂದು ಕಾಗದ ಬರೀಲಿ" ಎಂದರು ಮುತ್ಯಾ.

ಹಾಗೆ ಮುಂದಿನ ಬಂಪರ್ ಈಗ ನೋಡುವಂತಿದೆ. ಹಿಂದಿನದರ ಎಡಮೂಲೆಯಲ್ಲಿ ಉಗುರಷ್ಟೇ ಅಲ್ಲ, ಬೆರಳೇ ಸಿಕ್ಕಿಕೊಳ್ಳುವಂಥ ಒಂದು ಗೀರಿದೆ. ಅದು ರಿವರ್ಸ್ ತೆಗೆಯುವಾಗ ಆದದ್ದು. ತೆಗೆದವರು ಮಾವನವರಾದ್ದರಿಂದ ನಮ್ಮ ಮನೆಯಲ್ಲಿ ಆ ಗೀರು ಶೋರೂಮಿನಿಂದಲೇ ಬಂದದ್ದೆಂದು ತೀರ್ಮಾನವಾಗಿದೆ.