ಆರು ಸುತ್ತಿನ ಉದ್ಯಮಿಗೆ ಒಂದು ಬಹಿರಂಗ ಪತ್ರ

ಖಾನಾಪುರದಿಂದ ಬೆಳಗಾವಿಗೆ ದಿನಾ ಓಡಾಡಿ ಇಂಜಿನಿಯರಿಂಗ್ ಓದುವ, ರಾತ್ರಿ ಬಾಗಿಲು ಹಾಕಿಕೊಂಡು ವೇಪಿಗೆ, ಅಂದರೆ ಇ-ಸಿಗರೇಟಿಗೆ, ಕಾಯಿಲ್ ಸುತ್ತುವ ತಮ್ಮನಿಗೆ,

ಉದ್ಯಮಬಾಗದ ಮೋಟರ್ ವೈಂಡಿಂಗ್ ಮಿಸ್ತ್ರಿಯೊಬ್ಬನ ಆಶೀರ್ವಾದಗಳು.

ನೀನು ಉದ್ಯಮಿಯಾದ ಸುದ್ದಿ ನಿನಗಿನ್ನೂ ಮುಟ್ಟಿರಲಿಕ್ಕಿಲ್ಲ. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯನ್ನು ವಕೀಲ ಗಿರಾಕಿಯೊಬ್ಬರಿಂದ ಓದಿಸಿ ಕೇಳಿದೆ. ಇಡೀ ಯಂತ್ರವಷ್ಟೇ ಅಲ್ಲ, ಅದರ ಯಾವ ಬಿಡಿಭಾಗ ಮಾಡಿದರೂ ಅದು ಉತ್ಪಾದನೆಯೇ ಅಂತೆ. 3 ಮಿ.ಮೀ. ಸಳಿಗೆ 6 ಸುತ್ತು ತಂತಿ ಸುತ್ತಿದೆಯಲ್ಲ, ಅಲ್ಲಿಗೆ ನಿನ್ನ ಕಾರ್ಖಾನೆಯ ಉದ್ಘಾಟನೆ ಮುಗಿಯಿತು. ನಮ್ಮಂಥವರು ಒಂದು ಶೆಡ್ಡಿಗಾಗಿ ಸಾಲ, ಲೈಸೆನ್ಸು, ಕರೆಂಟು ಅಂತ ಚಪ್ಪಲಿ ಸವೆಸಿದೆವು. ನಿನಗೆ ಕೂತಲ್ಲೇ ಪದವಿ ಬಂತು. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ 3 ವರ್ಷ, 5 ಲಕ್ಷದವರೆಗೆ. ಹಿಂಡಲಗಾ ಜೈಲು ಬೆಳಗಾವಿಯಲ್ಲೇ ಇರುವುದರಿಂದ ದಿನಾ ಓಡಾಡುವ ಬಸ್ ಖರ್ಚೂ ಉಳಿಯುತ್ತದೆ.

ಸುತ್ತುವವನ ಕಷ್ಟ ಸುತ್ತುವವನಿಗೇ ಗೊತ್ತು; ನಿನ್ನನ್ನು ಮನಸಾರೆ ಹೊಗಳುವ ಆಸೆ ನನಗಿದೆ. ಆದರೆ ಆ ಕಾಯ್ದೆ ಜಾಹೀರಾತನ್ನೂ ನಿಷೇಧಿಸಿದೆಯಾದ್ದರಿಂದ ಇನ್ನು ಮುಂದಿನದನ್ನು ಬೈಗುಳ ಅಂತ ಓದಿಕೋ.

ಮನೆಯ ಫ್ಯೂಸ್ ಹೋದರೆ ನಿಮ್ಮವ್ವ ಪಕ್ಕದ ಮನೆಯವರನ್ನು ಕೂಗಬೇಕು, ನೀನು ಏಳುವವನಲ್ಲ. ವೇಪಿನ ಮುಂದೆ ಕೂತೆಯೋ, ಓಮ್‌ನ ನಿಯಮ ನಾಲಿಗೆಯ ಮೇಲೆ ಕುಣಿಯುತ್ತದೆ. 0.4 ಮಿ.ಮೀ. ಕ್ಯಾಂಥಾಲ್ ತಂತಿ 6 ಸುತ್ತಿಗೆ ಹೆಚ್ಚುಕಡಿಮೆ 0.8 ಓಮ್, ಪೂರ್ತಿ ಚಾರ್ಜಾದ 4.2 ವೋಲ್ಟಿನ ಸೆಲ್ಲಿನಿಂದ 5 ಆಂಪಿಯರ್ ಚಿಲ್ಲರೆ. ಹೊಗೆ ಹೆಚ್ಚಲಿ ಅಂತ 0.1 ಓಮ್‌ಗೆ ಇಳಿಸಿದರೆ 42 ಆಂಪಿಯರ್, ಸೆಲ್ಲು ಅಂಗೈಯಲ್ಲೇ ಸಿಡಿದೀತು. ಇಷ್ಟೆಲ್ಲ ನಿನಗೆ ಬಾಯಿಪಾಠ. ಅದೇ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಮಾತ್ರ ಬ್ಯಾಕ್ ಉಳಿಯುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇದೇ ಊರಲ್ಲಿದ್ದರೂ ಇಂಥ ಪ್ರತಿಭೆ ಅವರ ಕಣ್ಣಿಗೆ ಬೀಳಲಿಲ್ಲ.

ಕಾಯಿಲನ್ನು ಎರಡು ಕಂಬಗಳಿಗೆ ಸ್ಕ್ರೂ ಬಿಗಿದು, ಗುಂಡಿ ಒತ್ತಿ, ನಡುವಿನಿಂದ ಅಂಚಿಗೆ ಸಮನಾಗಿ ಕೆಂಪೇರುತ್ತದೋ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೀ. ಒಂದು ಸುತ್ತು ಅವಸರ ಮಾಡಿದರೂ ಪಿಂಗಾಣಿ ತುದಿಯ ಚಿಮಟದಿಂದ ಒತ್ತಿ ಬುದ್ಧಿ ಕಲಿಸುತ್ತೀ. ಆಮೇಲೆ ಕಾಯಿಲಿನೊಳಗೆ ಬತ್ತಿಯಾಗಿ ತೂರಿಸುವ ಹತ್ತಿಯ ಸರದಿ. ಬಿಗಿಯಾದರೆ ರಸ ಏರದೆ ಒಣ ಹತ್ತಿ ಸುಟ್ಟು ಗಂಟಲು ಹಿಡಿಯುತ್ತದೆ. ಸಡಿಲಾದರೆ ರಸ ಸೋರಿ ಜೇಬು ತೋಯುತ್ತದೆ. ಎಳೆದಾಗ ತುಸು ತಡೆದು ಜಾರಬೇಕು. ತುದಿ ಕತ್ತರಿಸಿ, ಎಳೆ ಬಿಡಿಸಿ, ರಸದ ಕಿಂಡಿಯ ಮೇಲೆ ಹಗುರಾಗಿ ಕೂರಿಸಬೇಕು. ದೇವರ ದೀಪಕ್ಕೆ ಹೂಬತ್ತಿ ಹೊಸೆಯುವ ನಿಮ್ಮಜ್ಜಿಗೂ ಇಷ್ಟು ಮಡಿ ಇಲ್ಲ. ಬೈಲಹೊಂಗಲದ ಅರಳೆ ನಿನಗೆ ಮೈಲಿಗೆ; ಬ್ಲೀಚ್ ಕಾಣದ ಜಪಾನಿನ ಸಾವಯವ ಹತ್ತಿಯೇ ಆಗಬೇಕು. ಕೆಮಿಕಲ್ಲು ಎದೆಗೆ ಇಳಿಯಬಾರದಲ್ಲ!

ಅಷ್ಟು ಶುದ್ಧ ಹತ್ತಿಗೆ ಆಮೇಲೆ ಸುರಿಯುವುದೇನು? ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಮಾವಿನ ಹಣ್ಣಿನ ವಾಸನೆ, ನಿಕೋಟಿನ್. ಬೆರೆಸಿದವರು ಯಾರು, ಎಷ್ಟು ಬೆರೆಸಿದರು ಅಂತ ಕೇಳಿದರೆ ಕಳ್ಳದಾರಿಯಲ್ಲಿ ಬಂದ ಬಾಟಲಿಯ ಲೇಬಲ್ಲು ತೋರಿಸುತ್ತೀ. ಬತ್ತಿಯ ಮೇಲೆ ಅಷ್ಟು ಅನುಮಾನ, ರಸದ ಮೇಲೆ ಇಷ್ಟು ವಿಶ್ವಾಸ!

ನಿನ್ನೊಬ್ಬನನ್ನೇ ಬೈದು ಏನು ಫಲ? ಈ ಮಡಿಯನ್ನು ನೀನು ಸರ್ಕಾರದಿಂದಲೇ ಕಲಿತಿರಬೇಕು. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ನಿರ್ಮಲಾ ಸೀತಾರಾಮನ್ ಕೇಂದ್ರದ ನಿರ್ಧಾರ ಪ್ರಕಟಿಸಿದರು. ಹುಡುಗರು ಚಟಕ್ಕೆ ಬೀಳಬಾರದು ಎಂಬ ಕಾರಣ ಕೊಟ್ಟರು; ಅದನ್ನು ಅಲ್ಲಗಳೆಯಲು ನನ್ನಿಂದಾಗದು.

ಆದರೆ ಇದೇ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. 1981ರಲ್ಲಿ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ತಂಬಾಕು ರೈತರ ಮೇಲೆ ಗೋಲಿಬಾರ್ ಆಗಿ ಜೀವಗಳೇ ಹೋದವು. ಆ ಎಲೆಯ ಹಿಂದೆ ಹೊಲವಿದೆ, ಬೀಡಿ ಕಟ್ಟುವ ಹೆಂಗಸರ ಕೂಲಿ ಇದೆ, ವೋಟಿದೆ. ನಿನ್ನ ಕಾಯಿಲಿನ ಹಿಂದೆ ಒಬ್ಬ ಕೊರಿಯರ್ ಹುಡುಗನಿದ್ದಾನೆ, ಅಷ್ಟೇ. ತಂಬಾಕಿನಿಂದ ಭಾರತದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿಗೆ ಮಾತ್ರ ಒಂದು ಭಯಾನಕ ಚಿತ್ರ ಅಂಟಿಸಿ ಕಳಿಸುತ್ತೇವೆ. ಸಾಲದ್ದಕ್ಕೆ 2025ರ ಸೆಪ್ಟೆಂಬರಿನಲ್ಲಿ ಅದರ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಲು ಮಂಡಳಿ ಒಪ್ಪಿತು.

ಹಂಚು, ಮಡಕೆಗೆ ಹೆಸರಾದ ಖಾನಾಪುರದ ಮಣ್ಣಿನಲ್ಲಿ ನೀನೊಂದು ಚಿಲುಮೆ ಮಾಡಿ, ನಿಪ್ಪಾಣಿಯ ತಂಬಾಕು ತುಂಬಿ, ಕೆಂಡ ಇಟ್ಟು ಸೇದಿದ್ದರೆ ಈ ಕಾಯ್ದೆ ನಿನ್ನ ಹೆಸರೂ ಕೇಳುತ್ತಿರಲಿಲ್ಲ. ಕೆಂಡದ ಜಾಗದಲ್ಲಿ ಕಾಯಿಲ್ ಇಟ್ಟೆ, ಕೆಟ್ಟೆ. ಸರ್ಕಾರಕ್ಕೆ ಯಂತ್ರ ಕಂಡರೆ ಭಯ, ನಿನಗೆ ಯಂತ್ರ ಕಂಡರೆ ಭಕ್ತಿ. ನಿಕೋಟಿನ್ ಮಾತ್ರ ಇಬ್ಬರಿಗೂ ಕಾಣದು. ಬತ್ತಿ ನೋಡಿ ರಸ ಮರೆಯುವುದರಲ್ಲಿ ನೀವಿಬ್ಬರೂ ಒಂದೇ ಗರಡಿಯಲ್ಲಿ ಪಳಗಿದವರು.

ಈಗ ನನ್ನ ಸ್ವಾರ್ಥಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಕೈ ಸಾಲದಾಗಿದೆ. ಬೇಸಿಗೆ ಬಂದರೆ ಮಲಪ್ರಭೆಯ ದಂಡೆಯ ಪಂಪ್‌ಸೆಟ್ಟುಗಳು ಸುಟ್ಟುಕೊಂಡು ಸಾಲುಗಟ್ಟುತ್ತವೆ. ಸ್ಟೇಟರಿನ ಸ್ಲಾಟಿಗೆ ಎನಾಮೆಲ್ ವೈರು ಕೂರಿಸಲು ನಿನ್ನಂಥದೇ ಬೆರಳು ಬೇಕು. ಇಲ್ಲಿ ಸುತ್ತಿದ್ದಕ್ಕೆ ಜೈಲಿಲ್ಲ, ಪಗಾರ ಇದೆ. ಹೊಗೆ ಇಲ್ಲಿಯೂ ಬರುವುದುಂಟು. ಬಂದರೆ ಗಿರಾಕಿ ಬೈಯುತ್ತಾನೆಯೇ ಹೊರತು ಯಾರೂ ವಿಡಿಯೋ ಮಾಡಿ ಲೈಕ್ ಕೇಳುವುದಿಲ್ಲ.

ಇತಿ,
ನಿನ್ನ ಸಹೋದ್ಯೋಗಿ

ತಾ.ಕ.: ಕಾಯ್ದೆ ಬಂದಾಗ ದಾಸ್ತಾನಿದ್ದವರು ಪಟ್ಟಿ ಮಾಡಿ, ಮಾಲು ಸಮೇತ ಹತ್ತಿರದ ಅಧಿಕಾರಿಗೆ ಒಪ್ಪಿಸಬೇಕೆಂದಿತ್ತು. ನೀನಾಗ ಹೈಸ್ಕೂಲಿನಲ್ಲಿದ್ದೆ. ತಡವಾಗಿಯಾದರೂ ಬುದ್ಧಿ ಬಂದು ಒಪ್ಪಿಸಲು ಹೊರಟರೆ ತಂತಿ ಎಷ್ಟು ಮೀಟರ್, ಹತ್ತಿ ಎಷ್ಟು ಗ್ರಾಂ ಅಂತ ಚೊಕ್ಕಟವಾಗಿ ಬರೆದುಕೊಂಡು ಹೋಗು. ಪೆನ್ನು ಮರೆತರೆ ಚಿಂತೆ ಬೇಡ, ಠಾಣೆಯ ಎದುರಿನ ಪಾನ್ ಅಂಗಡಿಯಲ್ಲಿ ಸಿಗುತ್ತದೆ, ಬೀಡಿ ಕಟ್ಟಿನ ಪಕ್ಕದಲ್ಲೇ.