ಬಂಗಿಗೊಂದು ಕಾಂಬೋ ಕೊಡಿ!

ಏನ್ರೀ, ಲಿಫ್ಟಿನ ಕನ್ನಡೀಲಿ ಕೆನ್ನೆ ತಿರುಗಿಸಿ ತಿರುಗಿಸಿ ನೋಡ್ಕೋತಿದ್ದೀರಲ್ಲ, ಬಂಗು ತಾನೇ? ನಾಚ್ಕೋಬೇಡಿ. ಜೆ.ಪಿ. ನಗರದಿಂದ ಬಿ.ಟಿ.ಎಂ. ತನಕ ನಿಮ್ಮ ಪಕ್ಷದವರು ಬೇಕಾದಷ್ಟಿದ್ದಾರೆ. (ಎಲ್ಲರೂ "ಬರೀ ಟ್ಯಾನ್ ಕಣ್ರೀ" ಅನ್ನೋರೇ.)

ಮೈದುನನ ಮದುವೆಗೆ ಇನ್ನು ಹದಿನೈದೇ ದಿನ. ಈಗ ನೆನಪಾದ್ರು ಸ್ಕಿನ್ ಡಾಕ್ಟರು! ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಸೀರೆ ಫಾಲ್‌ಗೆ ಕೊಟ್ಟು, ಹಾಗೇ ಕ್ಲಿನಿಕ್ ಮೆಟ್ಟಿಲು ಹತ್ತಿ, "ಪೀಲೂ ಮಾಡಿ, ಲೇಸರೂ ಹೊಡೀರಿ, ಆ ಸೂಜೀದೂ ಇರ್ಲಿ, ಒಂದೇ ಸಿಟಿಂಗಲ್ಲಿ" ಅಂತೀರಿ. ದರ್ಶಿನೀಲಿ ಇಡ್ಲಿ-ವಡೆ-ಖಾರಾಬಾತ್ ಒಂದೇ ಪ್ಲೇಟಿಗೆ ಹಾಕಿಸ್ಕೊಂಡ ಹಾಗೆ.

ಕಾಂಬೋ ತಪ್ಪಲ್ಲ ಬಿಡಿ. ಗ್ಲೈಕಾಲಿಕ್ ಪೀಲ್ ಮೇಲಿನ ಪದರ ಸುಲಿಯುತ್ತೆ. 1064 ನ್ಯಾನೋಮೀಟರ್ ಲೇಸರ್ ಒಳಗಿನ ಬಣ್ಣ ಒಡೆಯುತ್ತೆ. ಸೂಜಿ ಮಾಡಿದ ದಾರೀಲಿ ಟ್ರಾನೆಕ್ಸಾಮಿಕ್ ಆಸಿಡ್ ಇಳಿಯುತ್ತೆ. ಆದ್ರೆ ಮಧ್ಯೆ ವಾರಗಟ್ಟಲೆ ಬಿಡುವು ಬೇಕು. ನಮ್ಮ ಬಣ್ಣದ ಚರ್ಮ ಮಹಾ ಕೋಪಿಷ್ಠ. ಜಾಸ್ತಿ ಕೆಣಕಿದ್ರೆ ಇದ್ದ ಕಲೇನೂ ಮೀರಿಸಿ ಕಪ್ಪಾಗಿ ಸೇಡು ತೀರಿಸ್ಕೊಳ್ಳುತ್ತೆ.

ಇನ್ನು ಡಾಕ್ಟರ ಹತ್ರ ನೀವು ಬಚ್ಚಿಟ್ಟ ವಿಷ್ಯ. ಹೇಳ್ಲಾ? ಬ್ಯಾಗಿನ ಒಳಜೇಬಲ್ಲಿ, ಬಾಲದಿಂದ ಸುತ್ತಿ ಸುತ್ತಿ ಹಿಂಡಿದ ಟ್ಯೂಬ್ ಇದೆಯಲ್ಲ! ಓರಗಿತ್ತಿ ಹೇಳಿದ್ದು, ಬನಶಂಕರೀಲಿ ಚೀಟಿ ಇಲ್ಲದೆ ತಂದದ್ದು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. 1975ರಲ್ಲಿ ಕ್ಲಿಗ್‌ಮನ್, ವಿಲ್ಲಿಸ್ ಅನ್ನೋರು ಕೊಟ್ಟ ಕಾಂಬೋ ಈ ಜಾತೀದೇ.

ಅದನ್ನ ಡಾಕ್ಟರ ನಿಗಾದಲ್ಲಿ ಕೆಲವು ವಾರ ಹಚ್ಚೋದು. ನೀವು ದೀಪಾವಳಿಯಿಂದ ದೀಪಾವಳಿಗೆ ಹಚ್ಚಿದ್ರಿ. ಚರ್ಮ ತೆಳುವಾಯ್ತು, ಕೆಂಪು ನರ ಕಾಣಿಸ್ತು, ಗಲ್ಲದ ಮೇಲೆ ಕೂದಲೂ ಬಂತು. (ಅದಕ್ಕೂ ಲೇಸರ್ ಪ್ಯಾಕೇಜ್ ವಿಚಾರಿಸಿದ್ರಂತೆ, ನಿಜಾನಾ?) ಸ್ಟೀರಾಯ್ಡ್ ಮುಲಾಮುಗಳಿಗೆ ಚೀಟಿ ಬೇಕೇ ಬೇಕು ಅಂತ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಓರಗಿತ್ತಿಗೆ ಗೊತ್ತಾಗ್ಬೇಕಲ್ಲ!

ಸನ್‌ಸ್ಕ್ರೀನ್? "ಬೆಂಗಳೂರಲ್ಲಿ ಬಿಸಿಲೆಲ್ಲಿ, ಬರೀ ಮೋಡ" ಅಂತೀರಿ. ಸುಮಾರು 900 ಮೀಟರ್ ಎತ್ತರದಲ್ಲಿದ್ದೀರಿ, ಮಹಾರಾಯ್ರೇ; ಯುವಿ ಮೋಡಕ್ಕೆಲ್ಲ ಹೆದರಲ್ಲ. ಬಂಗಿಗೆ ಕಣ್ಣಿಗೆ ಕಾಣೋ ಬೆಳಕೂ ಆಗ್ಬರಲ್ಲ, ಅದಕ್ಕೇ ಐರನ್ ಆಕ್ಸೈಡ್ ಇರೋ ಬಣ್ಣದ ಸನ್‌ಸ್ಕ್ರೀನ್ ಬರ್ಕೊಡೋದು. ಎರಡು ಬೆರಳುದ್ದ ಹಚ್ಚಿ ಅಂದ್ರೆ ನೀವು ಕುಂಕುಮದಷ್ಟು ಇಟ್ಕೊಂಡು ಸ್ಕೂಟರ್ ಹತ್ತಿಬಿಡ್ತೀರಿ.

ಮದುವೆಗೆ ಕನ್ಸೀಲರ್ ಸಾಕು ಕಣ್ರೀ. ಆಮೇಲೆ ನಿಧಾನವಾಗಿ ಡಾಕ್ಟರ ಹತ್ರ ಹೋಗಿ. ಹೋಗುವಾಗ ಆ ಟ್ಯೂಬ್ ಮರೀಬೇಡಿ. ಕೂತ ತಕ್ಷಣ ಅವರ ಟೇಬಲ್ ಮೇಲಿಡಿ.